ಒಗೆಯದೆ ಇಟ್ಟ ಶಾಲು

ಕಣ್ಣೆದುರು ಅರೆಬರೆ ಕೆಲಸ ಬಿದ್ದಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ, ಅದು ಬೇರೆಯವರ ಮನೆಯದಾದರೂ ಸರಿ. ನಮ್ಮ ಯೆಲ್ ದ್ವೀಪದಲ್ಲಿ ಕೆಲವರು ಇದನ್ನು ಒಳ್ಳೆಯ ಗುಣ ಎನ್ನುತ್ತಾರೆ. ಉಳಿದವರು ನಾನು ಬರುವುದನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಓಸ್ಲಾ ನನ್ನ ಪಕ್ಕದ ಮನೆಯವಳು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಹೆಣಿಗೆಯಲ್ಲಿ ಅವಳನ್ನು ಮೀರಿಸುವವರು ಇಲ್ಲ ಎಂದು ಒಪ್ಪಿಕೊಳ್ಳಲು ನನಗೆ ನಲವತ್ತು ವರ್ಷ ಬೇಕಾಯಿತು. ಹೊಟ್ಟೆಯಲ್ಲಿ ಗಡ್ಡೆ ಇದೆ, ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ವಾರವೇ ಅವಳು ಗಂಡ ಗಿಬ್ಬಿಗೆಂದು ಒಂದು ದಪ್ಪನೆಯ ಹ್ಯಾಪ್ ಶಾಲು ಶುರುಮಾಡಿದಳು. ನಡುವೆ ಕಂದು ಉಣ್ಣೆ, ಸುತ್ತಲೂ ಬೂದು ಬಿಳಿಯ ಅಲೆಗಳು.

"ಹ್ಯಾಪ್ ಹೊದೆಯೋದು ಹೆಂಗಸ್ರು ಕಣೆ. ಊರೋರು ನಗ್ತಾರೆ," ಎಂದ ಗಿಬ್ಬಿ.

"ಸಂಜೆ ಬಾಗಿಲು ಹಾಕ್ಕೊಂಡು ಹೊದ್ಕೋ. ಕುರಿಗಳೇನು ಬಂದು ಇಣುಕಲ್ಲ. ನಾನಿಲ್ದೆ ಇದ್ರೆ ನೀನು ಒಲೆ ಹಚ್ಚೋಕೂ ಸೋಮಾರಿತನ ಮಾಡ್ತೀಯ, ನಂಗೊತ್ತು."

ಅವನು ನಕ್ಕ. ಆಮೇಲೆ ಅಂಗಳಕ್ಕೆ ಹೋಗಿ ನಮಗೆ ಬೆನ್ನು ಮಾಡಿ ಬಹಳ ಹೊತ್ತು ನಿಂತ.

ಅಕ್ಟೋಬರ್ ಕೊನೆಗೆ ಓಸ್ಲಾ ಹಾಸಿಗೆಯಲ್ಲೇ ಒರಗಿಕೊಂಡು ಅಂಚು ಮುಗಿಸಿದಳು. ಆದರೆ ಹೆಣಿಗೆ ಕಡ್ಡಿಯಿಂದ ಇಳಿದ ಮಾತ್ರಕ್ಕೆ ನಮ್ಮಲ್ಲಿ ಅದು ಶಾಲು ಅನಿಸಿಕೊಳ್ಳುವುದಿಲ್ಲ, ಮುದುಡಿಕೊಂಡು ಚಿಂದಿಯ ಹಾಗಿರುತ್ತದೆ. ಅದನ್ನು ಒಗೆದು, ಒದ್ದೆ ಇರುವಾಗಲೇ ಅಂಚಿನ ಒಂದೊಂದು ಮೊನೆಯನ್ನೂ ಮರದ ಚೌಕಟ್ಟಿಗೆ ಬಿಗಿದು ಒಣಗಿಸಬೇಕು. ಆಗಲೇ ಹೆಣಿಗೆ ಬಿಚ್ಚಿಕೊಂಡು ಕಾಣುವುದು. ಸುತ್ತಲ ಮನೆಗಳಿಗೆಲ್ಲ ಆ ಕೆಲಸ ಮಾಡಿಕೊಡುವವಳು ನಾನೇ.

"ವಿಲ್ಮಾ, ನೀನೇ ಒಗೆದು ಬಿಗಿದು ಅವನಿಗೆ ಕೊಡೇ," ಎಂದಳು ಓಸ್ಲಾ. "ಇಂಥ ಮುದುಡಿದ್ದನ್ನ ನಾನು ಹೆಣೆದಿದ್ದು ಅಂತ ಯಾರೂ ನೋಡಬಾರದು."

"ಮಾಡ್ತೀನಿ ಬಿಡು. ಮೊದಲು ನಿನ್ನ ತಲೆ ಬಾಚ್ಕೋ," ಎಂದೆ. ಅಳು ಬಂದರೆ ನಾನು ಬೈಯುವವಳು.

ಎರಡು ವಾರಕ್ಕೆ ಅವಳು ಹೋಗಿಬಿಟ್ಟಳು.

ಮಣ್ಣು ಮಾಡಿ ಕೆಲವು ದಿನವಾದ ಮೇಲೆ ಗಿಬ್ಬಿಯನ್ನು ಶಾಲು ಕೇಳಿದೆ. "ಎಲ್ಲೋ ಇಟ್ಟಿದೀನಿ, ಹುಡುಕಿ ಕೊಡ್ತೀನಿ," ಎಂದ. ಕ್ರಿಸ್ಮಸ್‌ಗೆ ಮತ್ತೆ ಕೇಳಿದಾಗ, "ಈ ಚಳೀಲಿ ಎಲ್ಲಿ ಒಣಗುತ್ತೆ, ಬಿಡು." ಜನವರಿಯಲ್ಲಿ, "ನಿಂಗೆ ಬೇರೆ ಕೆಲಸ ಇಲ್ವಾ ವಿಲ್ಮಾ?"

ನನಗೆ ಮೈ ಉರಿಯಿತು. ಸತ್ತವಳಿಗೆ ಮಾತು ಕೊಟ್ಟವಳು ನಾನು. ಅವಳ ಕೊನೆಯ ಕೆಲಸ ಎಲ್ಲೋ ಮೂಲೆಯಲ್ಲಿ ಹುಳ ಹಿಡಿಯಲಿ ಎಂದು ಈ ಮುದುಕ ಬಿಟ್ಟಿದ್ದಾನಲ್ಲ ಎಂದು ದಿನಾ ಕೊಡುತ್ತಿದ್ದ ಸಾರನ್ನು ಎರಡು ದಿನ ಅವನಿಗೆ ಕೊಡಲಿಲ್ಲ.

ಫೆಬ್ರುವರಿಯಲ್ಲಿ ಗಿಬ್ಬಿ ಕಣ್ಣು ತೋರಿಸಲು ಲರ್ವಿಕ್ ಪಟ್ಟಣಕ್ಕೆ ಹೋದ. ಎರಡು ರಾತ್ರಿ ಅಲ್ಲೇ ತಂಗಿಯ ಮನೆಯಲ್ಲಿ ಇರುವವನಿದ್ದ. ನಮ್ಮಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ. ಮನೆ ಗುಡಿಸಿಕೊಡೋಣ ಎಂದು ಹೋದೆ. ಗುಡಿಸುವುದಕ್ಕಷ್ಟೇ ಹೋದೆ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಶಾಲು ಹಾಸಿಗೆಯ ಮೇಲೆಯೇ ಇತ್ತು, ಓಸ್ಲಾ ಮಲಗುತ್ತಿದ್ದ ಕಡೆ, ಒಂದು ದಿಂಬಿನ ಗವಸಿನೊಳಗೆ. ಗವಸಿನ ಬಾಯಿಗೆ ದಾರ ಸುತ್ತಿ ಬಿಗಿಯಾಗಿ ಗಂಟು ಹಾಕಿದ್ದ. ಹುಳಕ್ಕೆ ಹೆದರಿ ಕಟ್ಟಿರಬೇಕು, ಅಷ್ಟಾದರೂ ಬುದ್ಧಿ ಇದೆಯಲ್ಲ ಎಂದುಕೊಂಡೆ. ನನಗೆ ಇದ್ದ ಬುದ್ಧಿ ಇಷ್ಟೇ.

ಎರಡು ಸಲ ಸೋಪು ಹಾಕಿ ಒಗೆದೆ, ಮೂರು ಸಲ ನೀರಲ್ಲಿ ಜಾಲಾಡಿದೆ. ಚೌಕಟ್ಟಿಗೆ ಬಿಗಿದು ಒಲೆಯ ಹತ್ತಿರ ನಿಲ್ಲಿಸಿದೆ. ಬೆಳಗ್ಗೆ ಎದ್ದು ನೋಡಿದರೆ ಆ ಅಲೆಗಳು ಒಂದರ ಹಿಂದೆ ಒಂದು ಎಷ್ಟು ನೇರ, ಎಷ್ಟು ಸಮ! ಎಲ್ಲೂ ಒಂದು ಕುಣಿಕೆ ತಪ್ಪಿರಲಿಲ್ಲ, ಆ ನೋವಿನಲ್ಲೂ. ನಿಂತಲ್ಲೇ ಅತ್ತೆ. ಇದನ್ನು ನೋಡಲು ನೀನಿರಬೇಕಿತ್ತು, ಹೋಗಿಬಿಟ್ಟೆಯಲ್ಲೇ ಎಂದು ಅವಳನ್ನು ಬೈದೆ.

ಮರುದಿನ ಶಾಲನ್ನು ಗಿಬ್ಬಿಯ ಕುರ್ಚಿಯ ಮೇಲೆ ಹರಡಿ, ಅವನ ಒಲೆ ಹಚ್ಚಿ ಕಾದು ಕೂತೆ. ಸಂಜೆಯ ದೋಣಿಗೆ ಬಂದವನು ಚೀಲ ಕೈಯಲ್ಲಿ ಹಿಡಿದೇ ಬಾಗಿಲಲ್ಲಿ ನಿಂತುಬಿಟ್ಟ.

"ನೋಡು ಮಾರಾಯ, ಈಗ ಏನಂತೀಯ?" ಎಂದೆ.

ಅವನು ಚೀಲ ಕೆಳಗಿಟ್ಟ. ಶಾಲಿನ ಒಂದು ಮೂಲೆ ಎತ್ತಿ ಮೂಗಿಗೆ ಹಿಡಿದ. ಆಮೇಲೆ ಇನ್ನೊಂದು ಮೂಲೆ. ನಾಲ್ಕೂ ಆದ ಮೇಲೆ ನಡುಭಾಗಕ್ಕೆ ಮುಖ ಒತ್ತಿ ಹಾಗೇ ಇದ್ದ. ಆಗ ನನಗೆ ಅರ್ಥವಾಯಿತು, ಅದರಲ್ಲೀಗ ಸೋಪಿನ ವಾಸನೆಯಷ್ಟೇ ಇತ್ತು.

"ಅವಳೇ ಹೇಳಿದ್ದು ಗಿಬ್ಬಿ. ನಾನು ಮಾತು ಕೊಟ್ಟಿದ್ದೆ."

"ಗೊತ್ತು. ನಂಗೂ ಹೇಳಿದ್ಲು. ಅದಕ್ಕೇ ನಿಂಗೆ ಸಿಗದ ಹಾಗೆ ಇಟ್ಕೊಂಡಿದ್ದೆ." ಅವನು ಕುರ್ಚಿಯ ತುದಿಯಲ್ಲಿ ಕೂತ. "ದಿನಕ್ಕೆ ಒಂದೇ ಸಲ ಗಂಟು ಬಿಚ್ತಿದ್ದೆ, ಸಂಜೆ ಹೊತ್ತು. ಬೇಗ ಖಾಲಿ ಆಗಬಾರದು ಅಂತ."

ಅವನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನನ್ನನ್ನು ಸಮಾಧಾನ ಮಾಡಲೆಂದೇ ಶಾಲನ್ನು ಹೆಗಲಿಗೆ ಹಾಕಿಕೊಂಡ.

"ಚೆನ್ನಾಗಿ ಬಿಗಿದಿದೀಯ. ಅವಳು ನೋಡಿದ್ರೆ ಖುಷಿಪಡ್ತಿದ್ಲು," ಎಂದ. ಆಮೇಲೆ ಏನೋ ನೆನಪಾದವನಂತೆ ತಲೆಯೆತ್ತಿದ. "ಆ ಗವಸು ಎಲ್ಲಿಟ್ಟೆ ವಿಲ್ಮಾ? ಅದನ್ನ ಕೊಡು, ಸಾಕು."

ಅದನ್ನೂ ಒಗೆದಿದ್ದೆ.