ಬಿಸಿಲಿಗೋ, ಜೊತೆಗೋ

ಮನೆಯಿಂದ ಹೊರಗೆ ಬಾರದ ಹಿರಿಯರ ಎಂಜಲು ಬೇಕಾಗಿತ್ತು ಆ ಸಂಶೋಧಕಿಗೆ. ದುಗುಡ ಹೆಚ್ಚಿದರೆ ಮೈಯಲ್ಲಿ ಏರುಪೇರಾಗುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಎಂಜಲಿನಲ್ಲೇ ಅಳೆಯಬಹುದು. ರಕ್ತದಲ್ಲಿ ವಿಟಮಿನ್ ಡಿ ಎಷ್ಟಿದೆಯೆಂದೂ ನೋಡಬೇಕಿತ್ತು. ಕೇಳಿದವರೆಲ್ಲ ಮೂಗು ಮುರಿದಾಗ ಮುಂದೆ ಬಂದವರು ಅವಳ ಅತ್ತೆ.

“ಅತ್ತೆ ಸೊಸೆಗೆ ಉಗಿಯೋದು ಎಲ್ಲಾ ಮನೇಲೂ ಇದ್ದದ್ದೇ. ಸೊಸೆನೇ ಶೀಶೆ ಹಿಡಿದು ‘ಉಗೀರಿ’ ಅಂತ ಕೇಳಿದ್ದು ನಮ್ಮನೇಲೇ ಮೊದಲು!”

ಮಾವ ತೀರಿಕೊಂಡ ಮೇಲೆ ಅತ್ತೆ ಹೊರಗೆ ಕಾಲಿಟ್ಟಿರಲಿಲ್ಲ. ಹಾಗೆಂದು ಮುಖ ಸಪ್ಪಗೆ ಮಾಡಿಕೊಂಡವರಲ್ಲ. ಸೊಸೆ ಹಾಲು ಉಕ್ಕಿಸಲಿ, ಮಗ ಕನ್ನಡಕ ಕಳೆದುಕೊಳ್ಳಲಿ, ಒಂದು ಚಟಾಕಿ ಹಾರಿಸಿಯೇ ತೀರುತ್ತಿದ್ದರು. ಗಟ್ಟಿ ಜೀವ ಎಂದುಕೊಂಡಿದ್ದಳು ಸೊಸೆ.

ಪ್ರಯೋಗಾಲಯದ ಪರದೆಯ ಮೇಲೆ ಅತ್ತೆಯ ಕಾರ್ಟಿಸಾಲ್ ಗೆರೆ ಮೂಡಿದಾಗ ಅವಳ ಕೈ ನಿಂತುಹೋಯಿತು. ಎದ್ದ ಸ್ವಲ್ಪ ಹೊತ್ತಿಗೆ ಏರಬೇಕು, ಸಂಜೆಗೆ ಇಳಿಯಬೇಕು. ಈ ಗೆರೆ ಏರಿರಲೂ ಇಲ್ಲ, ಇಳಿದಿರಲೂ ಇಲ್ಲ. ವಿಟಮಿನ್ ಡಿ ಅಂತೂ ಪಾತಾಳಕ್ಕಿಳಿದಿತ್ತು. ಒಂದು ಗೆರೆ ನೋಡಿ ಮನಸ್ಸಿನ ಮಾತು ಹೇಳಬೇಡಿ ಎಂದು ಕಿರಿಯರಿಗೆ ಬುದ್ಧಿ ಹೇಳುತ್ತಿದ್ದವಳೇ ಅವಳು. ಆದರೂ ಅಂದೇ ಸಂಜೆ ವರದಿ ಹಿಡಿದು ವೈದ್ಯರ ಬಳಿ ಹೋದಳು.

ವೈದ್ಯರು ಮಾತ್ರೆ ಬರೆದುಕೊಟ್ಟರು. ಸೊಸೆ ಮಾತ್ರೆಯನ್ನೂ ತಂದಳು, ಎರಡು ಕುರ್ಚಿಗಳನ್ನೂ ತಾರಸಿಗೆ ಹೊತ್ತಳು.

“ಬನ್ನಿ ಅತ್ತೆ, ಬಿಸಿಲಿಗೆ ಸ್ವಲ್ಪ ಕೂರೋಣ.”

“ಕೆಲಸಕ್ಕೆ ಹೊತ್ತಾಗಲ್ವೇನೆ?”

“ಆಗ್ಲಿ ಬಿಡಿ.”

ಮೊದಮೊದಲು ಅಕ್ಕಪಕ್ಕದವರ ಮಾತೇ ಆಯಿತು. ಒಂದು ಬೆಳಿಗ್ಗೆ ಎದುರು ತಾರಸಿಯಲ್ಲಿ ಯಾರದೋ ಅಂಗಿ ಉಲ್ಟಾ ಮಾಡಿ ಒಣಹಾಕಿದ್ದರು. ಅತ್ತೆ ಅದನ್ನೇ ನೋಡುತ್ತ ಕೂತರು.

“ಬಣ್ಣ ಹೋಗದಿರಲಿ ಅಂತ ಅವರ ಅಂಗೀನ ನಾನೂ ಹಾಗೇ ಒಣಗಿಸ್ತಿದ್ದೆ. ಅವರು ಉಲ್ಟಾನೇ ತೊಟ್ಕೊಂಡು ಹೊರಟುಬಿಡೋರು. ಬೀದಿ ಕೊನೇವರೆಗೂ ಓಡಬೇಕಿತ್ತು ನಾನು…”

ನಗುತ್ತಲೇ ಹೇಳಿದರು, ಹೇಳುತ್ತ ಸೆರಗನ್ನು ಕಣ್ಣಿಗೊತ್ತಿಕೊಂಡರು. ಸೊಸೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು. ಅತ್ತೆ ಅವಳ ಭುಜಕ್ಕೆ ಒರಗಿ ಮನಸಾರೆ ಅತ್ತರು.

“ಕೆಳಗೆ ಅತ್ರೆ ಮಗ ಹೆದರ್ತಾನೆ ಕಣೆ,” ಎಂದರು ಮೂಗೊರೆಸಿಕೊಳ್ಳುತ್ತ.

ಮಾತ್ರೆ, ಬಿಸಿಲು ಎಂದು ತಾನೇ ಕೈಹಾಕಿದ ಮೇಲೆ ಅತ್ತೆಯ ಮಾದರಿ ಅಧ್ಯಯನದಲ್ಲಿ ಉಳಿಯುವಂತಿರಲಿಲ್ಲ. “ಮೇಡಂ, ಸಿಕ್ಕಿರೋದೇ ಬೆರಳೆಣಿಕೆ ಜನ!” ಎಂದು ಸಹಾಯಕ ಗೋಗರೆದ. ಅವಳು ತೆಗೆದೇ ಹಾಕಿದಳು.

“ಅಯ್ಯೋ, ನಾನು ಫೇಲಾ?” ಅತ್ತೆ ನಕ್ಕರು. ಆಮೇಲೆ ಮೆಲ್ಲಗೆ, “ಈಗೀಗ ಬೆಳಗಾದ್ರೆ ಏಳಬೇಕು ಅನ್ಸುತ್ತೆ. ಬಿಸಿಲಿಗೋ, ನೀನು ಪಕ್ಕದಲ್ಲಿ ಕೂರೋದಕ್ಕೋ? ಓದಿದವಳು, ನೀನೇ ಹೇಳು.”

“ಗೊತ್ತಿಲ್ಲ ಅತ್ತೆ.”

“ಗೊತ್ತಿಲ್ದಿದ್ರೆ ಹುಡುಕು.”

ಮುಂದಿನ ವರ್ಷಗಳನ್ನೆಲ್ಲ ಅವಳು ಆ ಪ್ರಶ್ನೆಗೇ ಕೊಟ್ಟಳು. ಕೆಲವು ಹಿರಿಯರು ಬಿಸಿಲಲ್ಲಿ ಒಬ್ಬರೇ, ಕೆಲವರು ಜೊತೆಯವರೊಂದಿಗೆ, ಇನ್ನು ಕೆಲವರು ನೆರಳಲ್ಲಿ ಮಾತಾಡುತ್ತ ಕೂತರು; ಅವಳು ಅಳೆದು ಹೋಲಿಸಿದಳು. ಉತ್ತರ ಚೂರುಚೂರಾಗಿ ಸಿಕ್ಕಿತು, ಪೂರ್ತಿ ಕೈಗೆ ಬರಲೇ ಇಲ್ಲ. ಜನರಿಗೆ ಮಾತ್ರ ಬರವಿರಲಿಲ್ಲ. ಅತ್ತೆ ಮನೆಮನೆಯ ಬಾಗಿಲು ತಟ್ಟಿ, ಒಲ್ಲೆನೆಂದವರ ಕೈಹಿಡಿದು ಎಬ್ಬಿಸುತ್ತಿದ್ದರು: “ಏಳ್ರೀ, ಬಿಸಿಲಿಗೇನು ಟಿಕೆಟ್ಟಾ?”