ತೊಂಬತ್ತು ನಿಮಿಷದ ಅಂಗಿ

ಹತ್ತೊಂಬತ್ತು ವರ್ಷ ಬಟ್ಟೆ ಕತ್ತರಿಸಿದವಳಿಗೆ ಬಟ್ಟೆ ಕತ್ತರಿಸಲು ಬರುತ್ತದೆಯೇ ಎಂದು ಪತ್ತೆಹಚ್ಚಲು ಒಂದು ಕಚೇರಿ ಹುಟ್ಟಿಕೊಂಡಿತ್ತು. ‘ನಿಮ್ಮ ಅನುಭವಕ್ಕೆ ನಮ್ಮ ಮುದ್ರೆ’ ಎಂದು ಅದರ ಗೋಡೆಯ ಮೇಲೆ ಬರೆದಿದ್ದರು. ಬರೆದವನು ಜಾಗ ಸಾಲದೆ ಕೊನೆಯ ಅಕ್ಷರಗಳನ್ನು ಹಿಂಡಿ ಹಿಪ್ಪೆ ಮಾಡಿದ್ದ. ಅಳತೆ ತಿಳಿಯದವನ ಕೆಲಸ ಎಂದುಕೊಂಡಳು ಮಾಸ್ಟರಕ್ಕ.

ಅವಳು ತಾನಾಗಿ ಬಂದವಳಲ್ಲ. ಅವಳು ಕೆಲಸ ಮಾಡುತ್ತಿದ್ದ, ಆಸ್ಪತ್ರೆಗಳಿಗೆ ಬನಿಯನ್ ಬಟ್ಟೆಯ ಅಂಗಿ ಹೊಲಿದುಕೊಡುವ ಕಾರ್ಖಾನೆಗೆ ಹೊಸ ನಿಯಮ ಬಂದಿತ್ತು: ಕಟಿಂಗ್ ಟೇಬಲ್ ಮುಂದೆ ನಿಲ್ಲುವವರ ಬಳಿ ಸರ್ಟಿಫಿಕೇಟ್ ಇರಬೇಕು.

“ಒಂದು ಕಾಗದ ತಂದ್ಬಿಡಿ ಮಾಸ್ಟರಕ್ಕ,” ಎಂದಿದ್ದರು ಯಜಮಾನರು. “ಇಲ್ಲಾಂದ್ರೆ ನಿಮ್ಮನ್ನ ದಾರ ಕತ್ತರಿಸೋ ಬೆಂಚಿಗೆ ಕೂರಿಸ್ಬೇಕಾಗುತ್ತೆ. ನನ್ನ ಕೈಲೇನಿದೆ ಹೇಳಿ?”

ಕಚೇರಿಯ ಪರೀಕ್ಷಕನ ಕೈಯಲ್ಲಿ ಟ್ಯಾಬ್ ಇತ್ತು. ಅವನ ಅಂಗಿಯ ಎಡಹೆಗಲು ಬಲಹೆಗಲಿಗಿಂತ ಅರ್ಧ ಇಂಚು ಕೆಳಗಿತ್ತು. ‘ನಿಮ್ಮ ಕೌಶಲವನ್ನು ವಿವರಿಸಿ’ ಎಂಬ ಪ್ರಶ್ನೆಗೆ ಅವಳು ‘ಕತ್ತರಿಸುತ್ತೇನೆ’ ಎಂದು ಬರೆದಳು. ಇನ್ನೂ ಮೂರು ಸಾಲು ತುಂಬಿಸಿ ಎಂದ. ‘ಚೆನ್ನಾಗಿ’ ಎಂದು ಸೇರಿಸಿದಳು.

ಆಮೇಲೆ ಬಟ್ಟೆಯ ಸುರುಳಿ ತಂದಿಟ್ಟು ಗಡಿಯಾರ ಒತ್ತಿದ. ಅವಳು ಸುರುಳಿ ಬಿಚ್ಚಿದಳು, ಎಳೆಯದೆ ಮೇಜಿನ ಮೇಲೆ ಸಡಿಲವಾಗಿ ಹರಡಿದಳು, ಸ್ಟೂಲಿನ ಮೇಲೆ ಕೂತಳು.

“ಶುರು ಮಾಡಿ ಮೇಡಂ.”

“ಮಾಡಿದೀನಲ್ಲಪ್ಪ.”

“ಸುಮ್ನೆ ಕೂತಿದೀರಲ್ಲ?”

“ಕೂತಿರೋದು ಬಟ್ಟೆ. ಎಳೆದೂ ಎಳೆದೂ ಸುತ್ತಿರ್ತಾರೆ ಇದನ್ನ. ಬಿಚ್ಚಿ ಒಂದು ದಿನ ಬಿಟ್ರೆ ತನ್ನ ಅಳತೆಗೆ ತಾನು ಬರುತ್ತೆ. ಈಗ್ಲೇ ಕತ್ತರಿಸಿದ್ರೆ ನಾಳೆ ತೋಳು ಮೊಣಕೈ ಹತ್ತಿರ ಹೋಗಿರುತ್ತೆ.”

ಅವನು ಟ್ಯಾಬಿನಲ್ಲಿ ಮೇಲಿಂದ ಕೆಳಗೆ ಹುಡುಕಿದ. “ಕಾಯೋದಕ್ಕೆ ಇದರಲ್ಲಿ ಕಾಲಂ ಇಲ್ಲ ಮೇಡಂ. ಸುರುಳಿಯಿಂದ ಒಂದು ಅಂಗಿ ಕತ್ತರಿಸೋಕೆ ತೊಂಬತ್ತು ನಿಮಿಷ. ಅಷ್ಟಕ್ಕೂ ಈ ಅಂಗಿ ಯಾರೂ ಹಾಕ್ಕೊಳಲ್ಲ.”

“ಹಾಕ್ಕೊಳೋರೇ ಇಲ್ದಿರೋ ಅಂಗಿಗೆ ಕಟಿಂಗ್ ಮಾಸ್ಟರ್ ಯಾಕೆ? ಇಲಿ ಸಾಕು, ಕಚ್ಚಿ ಹಾಕುತ್ತೆ.”

ಎಪ್ಪತ್ತು ನಿಮಿಷ ಹಾಗೇ ಕೂತಳು. ಅಷ್ಟರಲ್ಲಿ ದಾರದ ಬೆಂಚು ಕಣ್ಣ ಮುಂದೆ ಬಂತು: ಸಾಲಾಗಿ ಬಗ್ಗಿದ ಬೆನ್ನುಗಳು, ಉಗುರಿನಷ್ಟು ಕತ್ತರಿಗಳು. ‘ಹಾಳಾಗಿ ಹೋಗಲಿ’ ಎಂದು ಎದ್ದು, ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ, ಕತ್ತರಿಸಬಾರದ ಬಟ್ಟೆಯನ್ನು ಕತ್ತರಿಸಿದಳು. ಅವನು ‘ಅತ್ಯುತ್ತಮ’ ಎಂದು ಗುರುತು ಹಾಕಿದ.

ಸರ್ಟಿಫಿಕೇಟ್ ಬಂತು, ಹಿಂದೆ ಪರೀಕ್ಷೆಯ ವಿವರದ ಹಾಳೆಯೊಂದನ್ನು ಅಂಟಿಸಿಕೊಂಡು. ಯಜಮಾನರು ಆ ಹಾಳೆಯನ್ನೂ ಓದಿದರು. ಅದೇ ಎಡವಟ್ಟಾಯಿತು.

“ಬಟ್ಟೆ ಒಂದು ದಿನ ಮಲಗ್ಬೇಕು ಅಂತ ಇಷ್ಟು ವರ್ಷ ನನ್ನ ಕಾಯಿಸಿದ್ರಲ್ಲ ಮಾಸ್ಟರಕ್ಕ! ಇಲ್ಲಿ ತೊಂಬತ್ತೇ ನಿಮಿಷ ಅಂತಿದೆ. ಈ ಮುನ್ನೂರು ಅಂಗಿ ಇವತ್ತೇ ಕತ್ತರಿಸಿ.”

“ಅದು ತಪ್ಪು ಸಾರ್.”

“ಕಾಗದ ತಪ್ಪು ಅಂದ್ರೆ ನೀವು ಈ ಟೇಬಲ್ ಮುಂದೆ ನಿಂತಿರೋದೂ ತಪ್ಪೇ ಆಯ್ತಲ್ಲ?”

ಅವಳು ಬಗ್ಗಿ ಆ ಹಾಳೆಯನ್ನು ಓದಿದಳು. ಬಟ್ಟೆ ತನ್ನ ಅಳತೆಗೆ ಬಂದ ಮೇಲೆ ನೂರು ಪದರ ಒಟ್ಟಿ ಒಂದೇ ಏಟಿಗೆ ನೂರು ಅಂಗಿ ಕತ್ತರಿಸುವುದು ಅವಳ ಪದ್ಧತಿ. ಹಾಳೆಯಲ್ಲಿ ಪದರದ ಮಾತೇ ಇರಲಿಲ್ಲ.

“ಸರಿ ಸಾರ್, ಕಾಗದದ ಹಾಗೇ ಆಗ್ಲಿ. ಸುರುಳಿಯಿಂದ ಅಂಗಿಗೆ, ಒಂದೊಂದಾಗಿ, ಒಂದಕ್ಕೆ ತೊಂಬತ್ತು ನಿಮಿಷ. ದಿನಕ್ಕೆ ಎಂಟು ಗಂಟೆ ನಿಂತ್ರೆ ಐವತ್ತಾರು ದಿನ ದಾಟುತ್ತೆ. ಆಸ್ಪತ್ರೆಯವರಿಗೆ ಫೋನ್ ಮಾಡಿ ಹೇಳ್ಬಿಡಿ.”

“ನಿಮ್ಮ ಥರ ಆದ್ರೆ?”

“ನಾಳೆ ಸಂಜೆ.”

ಯಜಮಾನರು ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದರು. ಹಿಂಬದಿ ಖಾಲಿಯಿತ್ತು. ಅದನ್ನು ಮಡಿಚಿ ಜೇಬಿಗೆ ತುರುಕಿ, ಬಂದು ಸುರುಳಿಯ ಇನ್ನೊಂದು ತುದಿ ಹಿಡಿದರು. ಹಿಡಿಯುವುದೂ ಅವರಿಗೆ ಬರುತ್ತಿರಲಿಲ್ಲ.

“ಎಳೀಬೇಡಿ,” ಎಂದಳು ಅವಳು. “ಸಡಿಲ ಬಿಡಿ.”