ಮಾಳಿಗೆಯ ಮೇಲೆ ನಾಲ್ಕು ಕಡ್ಡಿ

ಮತ್ತೆ ಕೆಂಪು ದೀಪ, ಈಗಷ್ಟೇ ಹಸಿರಾಗಿತ್ತಲ್ಲ, ಕಿಟಕಿಯ ಕಂಬಿಗೆ ತಾಗಿಸಿಟ್ಟ ಇಂಟರ್ನೆಟ್ ಡಬ್ಬಿಯಲ್ಲಿ ಎರಡು ಕಡ್ಡಿ, ಒಂದು ಕಡ್ಡಿ, ಕೆಂಪು — ಲ್ಯಾಪ್‌ಟಾಪಿನಲ್ಲಿ ಹರಿಣಿಯ ಚಿತ್ರ ಕಣ್ಣು ಅರ್ಧ ಮುಚ್ಚಿ ನಿಂತೇಬಿಟ್ಟಿದೆ. ಕಿವಿ ಕೇಳದ, ಮಾತು ಬಾರದ, ಎಂಟು ತಿಂಗಳ ಬಸುರಿ, ಚಿಂತಾಮಣಿಯ ಆಸ್ಪತ್ರೆಯಲ್ಲಿ ಒಬ್ಬಳೇ ಕೂತಿದ್ದಾಳೆ, ಅವಳ ಸನ್ನೆಯನ್ನು ನೋಡಿ ಡಾಕ್ಟರಮ್ಮನಿಗೆ ಬಾಯಲ್ಲಿ ಹೇಳಬೇಕಾದವಳು ನಾನು, ಶಿಡ್ಲಘಟ್ಟದಾಚೆಯ ಈ ಹಳ್ಳಿಯ ಕಿಟಕಿಯಲ್ಲಿ. ನಿನ್ನೆಯಿಂದ, ಎಂದಳು, ಮಗು, ಎಂದಳು, ಆಮೇಲೆ ಏನು, ನಿನ್ನೆಯಿಂದ ಮಗು ಏನು, ಆ ಒಂದು ಸನ್ನೆಯನ್ನೇ ನುಂಗಿತಲ್ಲ ಈ ಹಾಳು ನೆಟ್ಟು. ತನುಜಾ ಅವರೇ, ಏನಂತಾರೆ ಇವರು, ಡಾಕ್ಟರಮ್ಮನ ದನಿ ಮಾತ್ರ ಬರುತ್ತಿದೆ, ದನಿಗೆ ಚೂರು ನೆಟ್ಟಿದ್ದರೂ ಸಾಕು, ಚಿತ್ರಕ್ಕೆ ಸಾಲದು, ಒಂದ್ನಿಮಿಷ ಮೇಡಮ್, ಒಂದೇ ನಿಮಿಷ. ಮನೇಲಿ ಎಲ್ಲಿಟ್ರೂ ನಡೆಯುತ್ತೆ ಅಂದಿದ್ದ ಡಬ್ಬಿ ಕೊಟ್ಟು ಹೋದವನು, ಬೀರುವಿನ ಮೇಲಿಟ್ಟೆ, ಬುದ್ಧನ ಪಟದ ಪಕ್ಕ ಇಟ್ಟೆ, ಕಂಪನಿಗೆ ಫೋನ್ ಮಾಡಿದರೆ ಫ್ರಿಜ್ಜಿನ ಹತ್ತಿರ ಇಡಬೇಡಿ ಎಂದರು, ತೆಗೆದೆ, ಆಫ್ ಮಾಡಿ ಆನ್ ಮಾಡಿ ಎಂದರು, ಮಾಡಿದೆ, ಸಂಜೆ ಎಲ್ರೂ ವೀಡಿಯೊ ನೋಡ್ತಾರೆ ಮೇಡಮ್ ಅದಕ್ಕೇ ಸ್ಲೋ ಎಂದರು, ಈಗ ಮಟಮಟ ಮಧ್ಯಾಹ್ನ, ಈಗ ಯಾರು ನೋಡುತ್ತಿದ್ದಾರೆ. ಟವರಿಗೂ ನಮಗೂ ನಡುವೆ ಬಯ್ಯಪ್ಪ ಮಾವನ ಹುಳು ಮನೆ, ರೇಷ್ಮೆಹುಳುಗಳಿಗೆ ಹೊಸದಾಗಿ ಹಾಕಿಸಿದ ತಗಡಿನ ಸೂರು, ಅಲ್ಲೇ ಬಡಿದು ವಾಪಸ್ಸು ಹೋಗುತ್ತದೆಯೋ ಏನೋ ಸಿಗ್ನಲ್ಲು. ಬೇರೆಯವರಿಗೆ ಚಿತ್ರ ನಿಂತರೆ ಸಿನಿಮಾ ನಿಂತಿತು ಅಷ್ಟೆ, ಹರಿಣಿಗೆ ಬಾಯಿಯೇ ಕಟ್ಟಿತು — ನನ್ನ ತಮ್ಮ ಕೆಂಪರಾಜುವೂ ಹಾಗೇ, ಅವನಿಗಾಗಿಯೇ ಕಲಿತದ್ದು ಈ ಸನ್ನೆ, ಚಿಕ್ಕವನಿದ್ದಾಗ ಕರೆಂಟು ಹೋದರೆ ಕಿರುಚಿ ಅಳುತ್ತಿದ್ದ, ಕತ್ತಲಿಗೆ ಹೆದರಿ ಎಂದುಕೊಂಡಿದ್ದೆವು, ಕತ್ತಲಲ್ಲಿ ಅವನಿಗೆ ನಮ್ಮ ಮಾತು ಕಾಣುತ್ತಿರಲಿಲ್ಲ.

ಅಮ್ಮಾ, ಮಾಳಿಗೆ ಮೇಲಕ್ಕೆ ತಗೊಂಡ್ ಹೋಗ್ತೀನಿ ಇದನ್ನ, ವೈರು ಬಿಡು, ಅಯ್ಯೋ ಬಿಸಿಲು ಕಣೇ, ನೆತ್ತಿ ಸುಡ್ತದೆ, ಸುಡಲಿ ಬಿಡಮ್ಮ, ಎಕ್ಸ್‌ಟೆನ್ಷನ್ ವೈರು ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸುತ್ತೇನೆ, ಮತ್ತೆ ಸಿಕ್ಕಿಕೊಳ್ಳುತ್ತದೆ, ನೀರಿನ ಟ್ಯಾಂಕಿನ ಮೇಲೆ ಡಬ್ಬಿ, ಕಾದ ಸಿಮೆಂಟಿನ ಮೇಲೆ ನಾನು, ಮೊಣಕಾಲ ಮೇಲೆ ಲ್ಯಾಪ್‌ಟಾಪು. ತಗಡಿನಾಚೆ, ಹಿಪ್ಪುನೇರಳೆ ತೋಟದಾಚೆ, ಟವರ್ ಇಡಿಯಾಗಿ ಕಾಣುತ್ತಿದೆ, ಇಷ್ಟು ಹತ್ತಿರ ಇಟ್ಟುಕೊಂಡು ಇಷ್ಟು ದಿನ ಬೀರುವಿನ ಮೇಲಿಟ್ಟು ಕಾಯುತ್ತಿದ್ದೆನಲ್ಲ. ಡಬ್ಬಿ ಮಿನುಗುತ್ತದೆ, ಮಿನುಗುತ್ತಲೇ ಇರುತ್ತದೆ, ಬಾರೋ, ಬಾ — ಮೂರು ಕಡ್ಡಿ, ನಾಲ್ಕು. ಹರಿಣಿ ಬಂದಳು, ಕೆನ್ನೆ ಒದ್ದೆ, ಮತ್ತೆ ಹೇಳಮ್ಮ ಎಂದು ಕೈಯಲ್ಲಿ ಕೇಳಿದೆ, ನಿನ್ನೆಯಿಂದ ಮಗು ಅಲುಗಿಲ್ಲ. ಮೇಡಮ್, ನಿನ್ನೆಯಿಂದ ಮಗು ಅಲುಗ್ತಾ ಇಲ್ವಂತೆ. ಮಲಗಿಸಿ ಇವರನ್ನ, ಬೇಗ. ಹೊಟ್ಟೆಯ ಮೇಲೆ ಯಂತ್ರ, ಕರಕರ ಸದ್ದು, ಇನ್ನೊಂದು ಕಡೆ ಒತ್ತಿದರು, ಬರೀ ಕರಕರ — ಆಮೇಲೆ ದಡಬಡ ದಡಬಡ ದಡಬಡ, ಮಾಳಿಗೆಯ ಬಾಗಿಲಲ್ಲಿ ಬಂದು ನಿಂತ ಅಮ್ಮನಿಗೂ ಕೇಳಿಸಿತು, ಏನೇ ಅದು ಸದ್ದು ತನು, ಕೂಸಿನ ಎದೆ ಕಣಮ್ಮ. ಗಟ್ಟಿಯಾಗಿದೆಯಮ್ಮ, ಏನೂ ಭಯ ಇಲ್ಲ, ಡಾಕ್ಟರಮ್ಮ ಯಂತ್ರದತ್ತ ತಿರುಗಿಯೇ ಹೇಳುತ್ತಿದ್ದಾರೆ, ಕೇಳದವಳಿಗೆ ಹೇಳುತ್ತಿದ್ದಾರೆ, ಹರಿಣಿ ಅವರನ್ನು ನೋಡುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ. ಕೈ ಎತ್ತಿದೆ, ಮಗು, ಎಂದೆ, ಚೆನ್ನಾಗಿದೆ, ಎಂದೆ, ಮತ್ತೆ ಎಂದೆ, ಅವಳ ಮುಖ ಬದಲಾಗಲೊಲ್ಲದು. ತನುಜಾ ಅವರೇ, ನೀವು ನಿಂತುಬಿಟ್ಟಿದೀರಿ ಇಲ್ಲಿ, ಕೈ ಹಾಗೇ ಮೇಲಿದೆ, ಕೇಳಿಸ್ತಾ ಇಲ್ಲ. ಅಲ್ಲಿಂದ ಬರುತ್ತಿದೆ, ಇಲ್ಲಿಂದ ಹೋಗುತ್ತಿಲ್ಲ, ಅವಳ ಕಡೆ ತಿರುಗಿ ಮೇಡಮ್, ಒಂದು ಸಲ ನಗಿ, ನನ್ನ ದನಿಯೂ ಹೋಗುತ್ತಿಲ್ಲ, ಡಬ್ಬಿ ತಿರುಗಿಸುತ್ತೇನೆ, ಎತ್ತಿ ಹಿಡಿಯುತ್ತೇನೆ, ಬೆರಳು ಸುಡುತ್ತದೆ, ಹರಿಣಿ ತೆರೆಯಲ್ಲಿ ನಿಂತ ನನ್ನ ಕೈಯನ್ನು ನೋಡುತ್ತಾಳೆ, ನೋಡಿ ನೋಡಿ ತನ್ನ ಕೈಯನ್ನೂ ನಿಧಾನಕ್ಕೆ ಹಾಗೇ ಎತ್ತುತ್ತಾಳೆ, ಅರ್ಧಕ್ಕೆ, ಹೀಗೆಂದರೆ ಏನು ಎಂದು ಕೇಳುವ ಹಾಗೆ, ಅರ್ಧಕ್ಕೆ ಎತ್ತಿದ ಆ ಕೈ, ಮತ್ತೆ ಕೆಂಪು ದೀಪ, ಆ ಕೈ —